ಮೀಟರ್ ಬೋರ್ಡಿನ ಸಂಧಿಪ್ರಕರಣ

ಹೋದ ತಿಂಗಳು ನಮ್ಮ ಹೈಸ್ಕೂಲಿನಲ್ಲಿ ಅವರಿಗಾಗಿ ಶ್ರದ್ಧಾಂಜಲಿ ಸಭೆ ನಡೆಯಿತು. ಮಾತನಾಡಿದ ಪ್ರತಿಯೊಬ್ಬರೂ ಅವರ ಅಗಲಿಕೆ ‘ತುಂಬಲಾರದ ನಷ್ಟ’ ಎಂದರು. ಹೆಡ್‌ಮಾಸ್ತರರು ಎಂದರು, ಹಳೆಯ ವಿದ್ಯಾರ್ಥಿಗಳು ಎಂದರು, ಅಭ್ಯಾಸಬಲದಿಂದ ವಂದನಾರ್ಪಣೆ ಮಾಡಿದವರೂ ಎಂದರು. ಆ ಮಾತು ಬಂದಾಗಲೆಲ್ಲ ನಾನು ಹಾರದೊಳಗಿನ ಫೋಟೊವನ್ನು ಕೊಂಚ ಭಯದಿಂದಲೇ ನೋಡಿದೆ. ಇದ್ದಿದ್ದರೆ ಎದ್ದು ನಿಂತು ಕೇಳಿಯೇ ಬಿಡುತ್ತಿದ್ದರು: “ತುಂಬಲಾರದ್ದು ಯಾರ್ರಿ? ನಷ್ಟಾನೋ, ನಾವೋ? ನಷ್ಟಕ್ಕ ತಾಕತ್ತಿಲ್ಲ ಅಂದಂಗಾತಲ್ಲ. ತುಂಬಲಾಗದ ಅನ್ರಿ, ಆಮ್ಯಾಲ ಅಳ್ರಿ.”

ಅವರು ಇಂಡಿಯಲ್ಲಿ ನಮ್ಮ ಹೈಸ್ಕೂಲಿನ ಕನ್ನಡ ಮಾಸ್ತರರು, ನಮಗೆಲ್ಲ ಬರಿಯ ‘ಸರ್’. ನಾನು ಪಕ್ಕದ ಕೋಣೆಯಲ್ಲಿ ಇತಿಹಾಸ ಹೇಳುತ್ತಿದ್ದೆ. ನಡುವಿನ ಗೋಡೆ ತೆಳುವಾಗಿದ್ದರಿಂದ ನನ್ನ ಮಕ್ಕಳಿಗೆ ಸಾಮ್ರಾಜ್ಯಗಳ ಪತನದ ಜೊತೆಗೆ ಷಷ್ಠೀ ವಿಭಕ್ತಿಯೂ ಪುಕ್ಕಟೆಯಾಗಿ ಸಿಗುತ್ತಿತ್ತು. ಪರೀಕ್ಷೆಯಲ್ಲಿ ಹಲವರು ಎರಡನ್ನೂ ಕೂಡಿಸಿ ಬರೆಯುತ್ತಿದ್ದರು. ಅವರು ನನ್ನನ್ನು ಹೆಸರು ಹಿಡಿದು ಕರೆದವರಲ್ಲ. “ಇತಿಹಾಸದವರ” ಎನ್ನುತ್ತಿದ್ದರು. ಸೇರಿದ ಹೊಸತರಲ್ಲಿ ಅದು ನಾನು ಆಗಲೇ ಮುಗಿದುಹೋದವನೆಂದು ಸೂಚಿಸುವಂತೆ ಕೇಳಿಸುತ್ತಿತ್ತು. ಆಮೇಲೆ ರೂಢಿಯಾಯಿತು.

ಅವರ ಅಂಗಿಯ ಕಿಸೆಯಲ್ಲಿ ಕೆಂಪು ಪೆನ್ನು ಮಾತ್ರ ಇರುತ್ತಿತ್ತು. ನೀಲಿ ಬೇಕಾದಾಗ ಬೇರೆಯವರನ್ನು ಕೇಳುತ್ತಿದ್ದರು. ಬರೆಯುವುದು ಲೋಕದ ಕೆಲಸ, ತಿದ್ದುವುದು ತಮ್ಮದು ಎಂಬ ಹಂಚಿಕೆ ಯಾವಾಗಲೋ ಆಗಿಹೋಗಿತ್ತು. ಉತ್ತರಪತ್ರಿಕೆಯ ಅಂಚಿನಲ್ಲಿ ಅವರು ಬರೆಯುತ್ತಿದ್ದದ್ದು ಒಂದೇ ಷರಾ: ‘ಅರ್ಥವಿಲ್ಲ’. ಇಂಡಿ ತಾಲೂಕಿನಲ್ಲಿ ಇಂದು ನಿಂಬೆ ವ್ಯಾಪಾರ ಮಾಡುವವರು, ಬಸ್ಸು ಓಡಿಸುವವರು, ಗ್ರಾಮ ಪಂಚಾಯ್ತಿಗೆ ಆರಿಸಿ ಬಂದವರು, ಇವರಲ್ಲಿ ಅರ್ಧದಷ್ಟು ಮಂದಿಯಾದರೂ ಹದಿಹರೆಯದಲ್ಲಿ ಆ ಕೆಂಪು ಷರಾ ಪಡೆದವರೇ.

ತರಗತಿಯ ಹೊರಗೂ ಅವರ ಪೆನ್ನು ಮುಚ್ಚುತ್ತಿರಲಿಲ್ಲ. ಸಿಂದಗಿ ರಸ್ತೆಯ ಟೈರಿನ ಅಂಗಡಿಯೊಂದರ ಮುಂದೆ ‘ಇಲ್ಲಿ ಪಂಚರ್ ಮಾಡಲಾಗುವುದು’ ಎಂಬ ಬೋರ್ಡು ಇತ್ತು. ಅವರು ಕಾರು ನಿಲ್ಲಿಸಿ, ಇಳಿದು, ಗಂಭೀರವಾಗಿ ಕೇಳಿದರು: “ಖರೇನ ನೀವ ಮಾಡ್ತೀರೇನು? ಹಂಗಾರ ಗಾಡಿ ಸ್ವಲ್ಪ ದೂರ ನಿಲ್ಲಸ್ತೇನಿ.”

ಅಂಗಡಿಯವನೂ ಈ ನೆಲದವನೇ. “ಮಾಡೂದೂ ನಾವ, ತಗ್ಯೂದೂ ನಾವರಿ ಸರ. ಎಲ್ಲೆ ನಿಲ್ಲಿಸಿದ್ರೂ ನಡಿತೈತಿ” ಎಂದ.

ಅಂದು ಅವರು ಆ ಬೋರ್ಡನ್ನು ತಿದ್ದದೆಯೇ ಕಾರು ಹತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆ ಕಾರಿನ ಬಗ್ಗೆ ಶ್ರದ್ಧಾಂಜಲಿ ಸಭೆಯಲ್ಲಿ ಯಾರೂ ಚಕಾರ ಎತ್ತಲಿಲ್ಲ. ಅವರ ಸಮಯಪ್ರಜ್ಞೆ, ಶಿಸ್ತು, ಸರಳತೆ ಎಲ್ಲವೂ ಬಂದವು. ಸಮಯಪ್ರಜ್ಞೆಯ ಬಗ್ಗೆ ಮಾತನಾಡಿದವರು ಆ ಕಾರಿನಲ್ಲಿ ಒಮ್ಮೆಯೂ ಕೂತವರಲ್ಲ. ಇತಿಹಾಸ ಹೇಳಿ ಹೊಟ್ಟೆ ಹೊರೆದವನಾದ್ದರಿಂದ ಈ ಲೋಪವನ್ನು ಸರಿಪಡಿಸುವುದು ನನ್ನ ಕರ್ತವ್ಯವೆಂದು ಬಗೆದು ಇದನ್ನು ಬರೆಯುತ್ತಿದ್ದೇನೆ.

ಸಿಂದಗಿಯ ಹಲ್ಲಿನ ಡಾಕ್ಟರೊಬ್ಬರಿಂದ ಕೊಂಡ ಬಿಳಿ ಕಾರು ಅದು. ಬಿಳಿ ಎಂಬುದು ಕಾಗದಪತ್ರಗಳಲ್ಲಿ ಮಾತ್ರ. ಕಣ್ಣಿಗೆ ಹಳೆಯ ತುಪ್ಪದ ಬಣ್ಣ. ಅದರ ಓರಗೆಯ ಕಾರುಗಳೆಲ್ಲ ಗುಜರಿ ಸೇರಿ, ಕರಗಿ, ಬಹುಶಃ ಕುಕ್ಕರುಗಳಾಗಿ ಪುನರ್ಜನ್ಮ ಪಡೆದಿದ್ದವು. ಸ್ಟೇರಿಂಗಿನ ಹಿಂದೆ ಗಾಜಿನೊಳಗೆ ಮುಳ್ಳುಗಳು ಕುಣಿಯುವ ಫಲಕಕ್ಕೆ ನಾವೆಲ್ಲ ಮೀಟರ್ ಬೋರ್ಡು ಅನ್ನುತ್ತೇವೆ. ಅವರು ಅದರ ಒಂದೊಂದು ಮುಳ್ಳಿಗೂ ನಾಮಕರಣ ಮಾಡಿ, ದುಂಡಗಿನ ಅಕ್ಷರದ ಚೀಟಿಗಳನ್ನು ಅಂಟಿಸಿದ್ದರು: ವೇಗಸೂಚಿ, ಇಂಧನಸೂಚಿ, ತಾಪಸೂಚಿ.

ಹೆಸರುಗಳು ಶುದ್ಧವಾಗಿದ್ದವು, ನಡತೆ ಶುದ್ಧವಿರಲಿಲ್ಲ. ಪೆಟ್ರೋಲ್ ಟಾಕಿ ಬರಿದಾಗುತ್ತ ಬಂದರೂ ಇಂಧನಸೂಚಿಯದು ಹೊಟ್ಟೆ ತುಂಬಿದವನ ಭಂಗಿ. ಎಂಜಿನ್ನು ತಣ್ಣಗಿದ್ದರೂ ತಾಪಸೂಚಿಗೆ ಮೂಗಿನ ತುದಿಯಲ್ಲಿ ಸಿಟ್ಟು. ವೇಗಸೂಚಿ ಒಂದೇ ಪ್ರಾಮಾಣಿಕ. ಅದಕ್ಕೆ ಕರೆಂಟಿನ ಹಂಗಿರಲಿಲ್ಲ, ಗಾಲಿಯ ಕಡೆಯಿಂದ ಬರುವ ಒಂದು ಕೇಬಲ್ಲು ಅದನ್ನು ತಿರುಗಿಸುತ್ತಿತ್ತು. ಆದರೆ ನಮ್ಮ ಸರ್ ಓಡಿಸುವ ವೇಗದಲ್ಲಿ ಸುಳ್ಳು ಹೇಳಿ ಅದಕ್ಕೂ ಆಗಬೇಕಾದದ್ದೇನಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಮುಳ್ಳನ್ನು ನಂಬುವುದು ಬಿಟ್ಟು ಪೆಟ್ರೋಲನ್ನು ಅಂದಾಜಿನಲ್ಲಿ ಹಾಕಿಸುತ್ತಿದ್ದರು. ಇವರಿಂದ ಅದು ಆಗದು. ತಾವೇ ಹೆಸರಿಟ್ಟ ಸೂಚಿ ಸೂಚಿಸಿದ್ದನ್ನು ನಂಬದಿರುವುದು ಹೇಗೆ? ತಾಪಸೂಚಿ ಏರಿತೆಂದರೆ ರಸ್ತೆಬದಿಗೆ ನಿಲ್ಲಿಸಿ, ಬಾನೆಟ್ ಎತ್ತಿ, ಬಾಟಲಿಯ ನೀರು ಹಿಡಿದು ನಿಲ್ಲುತ್ತಿದ್ದರು. ಕುಡಿಯಲು ಜಾಗವಿಲ್ಲದಷ್ಟು ತುಂಬಿದ ರೇಡಿಯೇಟರು ಅವರನ್ನು ನೋಡುತ್ತಿತ್ತು, ಅವರು ಅದನ್ನು ನೋಡುತ್ತಿದ್ದರು.

ಹೀಗಿರಲು ಅವರ ಹೆಂಡತಿಯ ತಮ್ಮನ ಮಗಳ ಕುಬಸ, ಅಂದರೆ ಸೀಮಂತ, ಬಂತು. ತಮ್ಮನ ಮನೆ ಬಸವನ ಬಾಗೇವಾಡಿಯಲ್ಲಿ. ಅವರ ಹೆಂಡತಿಯನ್ನು ನಾವೆಲ್ಲ ವೈನಿ ಎನ್ನುತ್ತಿದ್ದೆವು. ಆ ಮನೆತನದಲ್ಲಿ ಹಿರಿಯ ಹೆಣ್ಣುಮಗಳು ಅವರೇ. ಬಸುರಿಗೆ ಮೊದಲ ಉಡಿ ತುಂಬಬೇಕಾದವರೂ ಅವರೇ. ಆ ದಿನ ನಡೆದದ್ದಕ್ಕೆ ನನ್ನ ಬಳಿ ಎರಡು ಆಕರಗಳಿವೆ. ಸರ್ ಹೇಳಿದ ಪ್ರಕಾರ, ಸಿಂದಗಿ ದಾಟಿದ ಮೇಲೆ ವಾಹನದಲ್ಲಿ ಕಿಂಚಿತ್ ವ್ಯತ್ಯಯ ಉಂಟಾಯಿತು. ವೈನಿ ಹೇಳಿದ ಪ್ರಕಾರ, ಟಾಕಿ ಒಣಗಿ ಗಾಡಿ ತೊಗರಿ ಹೊಲದ ನಡುವೆ ನಿಂತಿತು, ಸರ್ ಮಾತ್ರ ಇಳಿಯದೆ ಮುಳ್ಳು ತೋರಿಸುತ್ತ “ತುಂಬೇತಿ ನೋಡು, ತುಂಬೇತಿ” ಎಂದು ಬಹಳ ಹೊತ್ತು ವಾದಿಸಿದರು.

ಕೊನೆಗೆ ನಿಂಬೆಹಣ್ಣಿನ ಚೀಲ ಹೇರಿಕೊಂಡು ಹೊರಟಿದ್ದ ಟೆಂಪೊ ಒಂದು ಅವರನ್ನು ಹತ್ತಿಸಿಕೊಂಡಿತು. ಇಳಕಲ್ ಸೀರೆಯುಟ್ಟ ವೈನಿ ಚೀಲಗಳ ನಡುವೆ ಕೂತು ಬಾಗೇವಾಡಿ ತಲುಪಿದಾಗ ಹಾಡು ಮುಗಿದಿತ್ತು, ಉಡಿ ತುಂಬಿಯಾಗಿತ್ತು, ಪಂಕ್ತಿಯೂ ಎದ್ದಿತ್ತು. ಮೊದಲ ಉಡಿ ತುಂಬಿದವಳು ಯಾರೋ ದೂರದ ನಾದಿನಿ. ಆ ನಾದಿನಿಯೇ ಬಂದು, “ಅಕ್ಕಾ, ನಿಮ್ಮ ಸೀರಿ ಉಪ್ಪಿನಕಾಯಿ ವಾಸ್ನಿ ಯಾಕ ಬರಾಕತ್ತೇತಿ?” ಎಂದು ಕೇಳಿದಳಂತೆ. ಈ ಒಂದು ವಿವರದಲ್ಲಿ ಎರಡೂ ಆಕರಗಳು ಒಮ್ಮತಕ್ಕೆ ಬರುತ್ತವೆ.

ಅಂದು ಸಂಜೆ ತವರಿನ ಅಂಗಳದಲ್ಲಿ, ತಮ್ಮನ ಎದುರಿಗೆ, ವೈನಿ ಹೇಳಿದರು: “ಇನ್ನ ಆ ಗಾಡಿ ನಾ ಹತ್ತಂಗಿಲ್ಲ. ಅದರ ಮುಳ್ಳು ಖರೇ ಹೇಳೂತನಕ ಹತ್ತಂಗಿಲ್ಲ.”

ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆಯಾಗಿದ್ದ ಕಾಲ ಅದು. ಆಣೆಗೆ ಸರಕಾರದ ಬೆಂಬಲವೂ ದೊರೆತಂತಾಯಿತು. ಮರುದಿನವೇ ವೈನಿ ಬಸ್ಸಿನಲ್ಲಿ ಇಂಡಿಗೆ ಹೊರಟರು. ಸರ್ ಹೊಲದಿಂದ ತರಿಸಿದ ಕಾರಿನ ಟಾಕಿ ತುಂಬಿಸಿಕೊಂಡು ಬಸ್ಸಿನ ಹಿಂದೆಯೇ ಹೊರಟರು. ಹೆಂಡತಿಯನ್ನು ಒಬ್ಬಳೇ ಕಳಿಸಲು ಮನಸ್ಸಿಲ್ಲ, ಕಾರು ಬಿಟ್ಟು ಬಸ್ಸು ಹತ್ತಲು ಅಭಿಮಾನ ಬಿಡದು. ಮುಂದೆ ಅದೇ ಪದ್ಧತಿಯಾಯಿತು. ಸಾಮಾನು ಕಾರಿನಲ್ಲಿ, ಸಂಸಾರ ಬಸ್ಸಿನಲ್ಲಿ. ಒಮ್ಮೆ ಕಂಡಕ್ಟರನು ಹಿಂದಿನ ಗಾಜಿನಿಂದ ನೋಡಿ, “ಅಕ್ಕಾರ, ಆ ಕಾರು ಇಂಡಿಯಿಂದ ನಮ್ಮ ಬೆನ್ನ ಹತ್ತೇತಲ್ರಿ, ಯಾರದ್ದು?” ಎಂದು ಕೇಳಿದ.

“ನಮ್ಮ ಸಾಮಾನ್ರಿ ಅದು” ಎಂದರು ವೈನಿ.

ಕಾರಿನೊಳಗೆ ಸೂಟ್‌ಕೇಸು, ಚೀಲ, ಸರ್ ಮೂವರೂ ಇದ್ದರು. ವೈನಿ ಯಾರ ಬಗ್ಗೆ ಹೇಳಿದರೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

ಇದನ್ನು ಸರ್ ನಗುತ್ತಲೇ ನನಗೆ ಹೇಳಿದರು. ಆದರೆ ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದಾಗ ಒಂದು ಮಾತು ಬಿದ್ದಿತು: “ಇತಿಹಾಸದವರ, ಬಾಜೂ ಸೀಟು ಖಾಲಿ ಇದ್ರ ಗಾಡಿ ಒಂದೇ ಕಡೆ ವಾಲಿದಂಗ ಅನಸ್ತೈತ್ರಿ.” ಅದಕ್ಕೆ ಸ್ಪ್ರಿಂಗಿನ ದೋಷ ಕಾರಣವಿರಬಹುದೇ ಎಂದು ನಾನು ಕೇಳಿದೆ. ಅವರು ನನ್ನತ್ತ ಕೆಂಪು ಷರಾ ಬರೆಯುವ ಮುಖದಿಂದ ನೋಡಿದರು.

ರಿಪೇರಿಗೆಂದು ಮೊದಲು ಹೋದದ್ದು ನಮ್ಮೂರಿನಲ್ಲಿಯೇ, ಗಾಡಿಗಳ ವಾಯರಿಂಗ್ ಮಾಡುವ ಮಿಸ್ತ್ರಿಯ ಅಂಗಡಿಗೆ. ನಾನೂ ಜೊತೆಗಿದ್ದೆ. ಮಿಸ್ತ್ರಿ ನಮ್ಮದೇ ಶಾಲೆಯವನು. ಮೊಬೈಲನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೇ ಹುಟ್ಟಿದವನಂತಿದ್ದ. ಗಿರಾಕಿಗಳಿಗೆ ಬೈಯುವುದರಲ್ಲಿ ಎತ್ತಿದ ಕೈ. ಸ್ಟೇರಿಂಗಿನ ಕೆಳಗೆ ತಲೆ ತೂರಿಸಿ, ಒಂದು ಟೆಸ್ಟ್ ಬಲ್ಬು ಹಿಡಿದು ಅಲ್ಲಿ ಇಲ್ಲಿ ಮುಟ್ಟಿಸಿ, ಹೊರಬಂದು ತೀರ್ಪು ಕೊಟ್ಟ.

“ಇದಕ್ಕ ಅರ್ಥ ಇಲ್ರಿ ಸರ.”

“ಏನಂದಿ?”

“ಅರ್ಥ ಇಲ್ರಿ. ಮೊದಲ ಇತ್ತು, ಈಗ ಹೋಗೇತಿ. ಅರ್ಥ ಇಲ್ಲಂದ್ರ ಇವು ಏನ್ ತೋರಿಸಿದ್ರೂ ಉಪಯೋಗ ಇಲ್ರಿ.”

“ಯಾವುದಕ್ಕ ಅರ್ಥ ಇಲ್ಲ?”

“ಪೂರಾ ಬೋರ್ಡಿಗೇ ಇಲ್ರಿ. ನೀವು ಚೀಟಿ ಬರ್ದು ಹಚ್ಚೀರಲ್ಲ, ಅವಕ್ಕೆಲ್ಲಾ ಇಲ್ಲ.”

ಸರ್ ಕಾರಿನ ಬಾಗಿಲು ಹಾಕಿದ ಸದ್ದು ಆಚೆಯ ಕಿರಾಣಿ ಅಂಗಡಿಗೂ ಕೇಳಿಸಿರಬೇಕು. “ಏರ್ರಿ ಗಾಡಿ” ಎಂದು ನನಗೆ ಆಜ್ಞೆಯಾಯಿತು. ಅರ್ಧ ದಾರಿ ಸಿಟ್ಟೆಲ್ಲ ಗೇರಿನ ಮೇಲೆ ತೀರಿತು. ಆಮೇಲೆ ಹೇಳಿದರು: “ಹತ್ತನೇ ಕ್ಲಾಸಿನಾಗ ಇವನ ಪ್ರಬಂಧದ ಮ್ಯಾಲ ನಾ ಬರ್ದಿದ್ದೆ ಆ ಮಾತು. ಇಷ್ಟು ವರ್ಷ ಕಾದು ಇವತ್ತ ವಾಪಸ್ ಕೊಟ್ಟ ನೋಡ್ರಿ. ಅದೂ ನನ್ನ ಚೀಟಿ ತೋರಿಸಿ.”

“ಹುಡುಗ್ರು ಬಿಡ್ರಿ ಸರ” ಎಂದೆ.

“ಬಿಟ್ಟೆ.” ಒಂದು ತಿರುವು ದಾಟಿದ ಮೇಲೆ ನ್ಯಾಯಬುದ್ಧಿ ಜಾಗೃತವಾಯಿತು. “ಆದ್ರ ‘ಬೋರ್ಡಿಗೆ’ ಅಂದ. ಚತುರ್ಥಿ ಸರಿ ಹಚ್ಚಿದ. ಆಗ ಅದೂ ಬರ್ತಿರಲಿಲ್ಲ.”

ಆ ಅಂಗಡಿಯ ಮೆಟ್ಟಿಲು ಮತ್ತೆ ತುಳಿಯುವುದಿಲ್ಲವೆಂದು ಅವರೂ ಆಣೆ ಮಾಡಿದರು. ಒಂದೇ ಮನೆಯಲ್ಲಿ ಎರಡು ಆಣೆಗಳಾದವು. ಅಲ್ಲಿಂದ ಆ ಕಾರಿನ ದಿಗ್ವಿಜಯ ಯಾತ್ರೆ ಆರಂಭವಾಯಿತು. ಸಿಂದಗಿಯಲ್ಲಿ ಒಬ್ಬರು ಪೆಟ್ರೋಲ್ ಟಾಕಿಯೊಳಗೆ ತೇಲುವ ಗುಂಡು ಕೆಟ್ಟಿದೆಯೆಂದು ಹೊಸದು ಹಾಕಿದರು. ಹೊಸ ಗುಂಡು ಹಳೆಯ ಸುಳ್ಳನ್ನೇ ಹೇಳಿತು. ಬಾಗೇವಾಡಿಯಲ್ಲಿ ಒಬ್ಬರು ಎಂಜಿನ್ನಿನ ಶಾಖ ಅಳೆಯುವ ತುಂಡನ್ನು ಬದಲಿಸಿದರು. ತಾಪಸೂಚಿಯ ಸಿಟ್ಟು ಇಳಿಯಲಿಲ್ಲ. ಮುದ್ದೇಬಿಹಾಳದಲ್ಲಿ ಒಬ್ಬ ಸಾಹಸಿಯು ಗುಜರಿಗೆ ಬಂದ ಅದೇ ಜಾತಿಯ ಕಾರಿನಿಂದ ಇಡೀ ಮೀಟರ್ ಬೋರ್ಡನ್ನೇ ಕಿತ್ತು ತಂದು ಇದಕ್ಕೆ ಕೂಡಿಸಿದ. ಆ ಬೋರ್ಡಿನ ಹಳೆಯ ಒಡೆಯ ಹೆಚ್ಚು ಊರು ತಿರುಗಿದವನಲ್ಲ. ಕಿಲೋಮೀಟರಿನ ಲೆಕ್ಕದಲ್ಲಿ ನಮ್ಮ ಕಾರು ಒಂದೇ ಮಧ್ಯಾಹ್ನದಲ್ಲಿ ಎಷ್ಟೋ ವರ್ಷ ಚಿಕ್ಕದಾಗಿ ಮುದ್ದೇಬಿಹಾಳದಿಂದ ಮರಳಿತು. ಸರ್ ಚೀಟಿಗಳನ್ನು ಹೊಸದಾಗಿ ಬರೆದು ಅಂಟಿಸಿದರು. ಸಂಜೆ ದೊಡ್ಡ ಲೈಟು ಹಚ್ಚಿದ ಕೂಡಲೆ ಇಂಧನಸೂಚಿ ಎಂದಿನಂತೆ ಎದೆಯುಬ್ಬಿಸಿ ನಿಂತಿತು.

ಅಷ್ಟರಲ್ಲಿ ಬಾಗೇವಾಡಿಯಿಂದ ಫೋನು ಬಂತು. ಹೆಣ್ಣು ಕೂಸು, ಮುಂದಿನ ಸೋಮವಾರ ತೊಟ್ಟಿಲ ಕಾರ್ಯ. ಕುಬಸ ತಪ್ಪಿಸಿಕೊಂಡ ಹಿರಿಯಳು ತೊಟ್ಟಿಲಿಗೆ ಎಲ್ಲರಿಗಿಂತ ಮೊದಲು ಬಂದಿರಬೇಕೆಂದು ತಮ್ಮ ಹೇಳಿದ. ಮಾಮಾ, ಅಂದರೆ ನಮ್ಮ ಸರ್, ಬಸ್ಸಿನ ಹಿಂದೆ ಬರುತ್ತಾರೋ ಮುಂದೆ ಬರುತ್ತಾರೋ ಎಂದೂ ಕೇಳಿದನಂತೆ. ವೈನಿ ನಕ್ಕರು. ಆ ನಗು ಸರ್ ಅವರಿಗೆ ಪಡಸಾಲೆಯಲ್ಲಿ ಕೂತಲ್ಲಿಗೆ ಕೇಳಿಸಿತು.

ಶನಿವಾರ ಮುಂಜಾನೆ ಶಾಲೆ ಬಿಟ್ಟ ಮೇಲೆ ಅವರು ಕಾರನ್ನು ಮೈದಾನದ ಬೇವಿನ ಮರದ ಕೆಳಗೆ ನಿಲ್ಲಿಸಿ ನನ್ನನ್ನು ಕರೆದರು. ಕೈಯಲ್ಲಿ ಚಾಕ್‌ಪೀಸು. ನನ್ನನ್ನು ಕಾರಿನ ಮುಂದೆ ನಿಲ್ಲಿಸಿ, ಯಾವ ದೀಪ ಹತ್ತುತ್ತದೆ, ಯಾವುದು ಆರುತ್ತದೆ ಕೂಗಿ ಹೇಳಬೇಕೆಂದು ನೇಮಿಸಿದರು. ತಾವು ಒಳಗೆ ಕೂತು ಒಂದೊಂದೇ ಸ್ವಿಚ್ಚು ಒತ್ತಿ, ಮುಳ್ಳುಗಳನ್ನು ನೋಡಿ, ಆಗಾಗ ಇಳಿದು ಬಾಗಿಲ ಮೇಲೆ ಚಾಕ್‌ಪೀಸಿನಿಂದ ಗುರುತು ಹಾಕತೊಡಗಿದರು. ಹತ್ತಿರ ಮೇಯುತ್ತಿದ್ದ ಆಡುಗಳು ಮೇಯುವುದನ್ನು ನಿಲ್ಲಿಸಿದವು.

ಕೊನೆಗೆ ಕನ್ನಡಕ ಒರೆಸಿಕೊಂಡು ಪಾಠ ಆರಂಭಿಸಿದರು.

“ದೊಡ್ಡ ಲೈಟ್ ಹಾಕಿದ್ರ ಇಂಧನಸೂಚಿ ಇನ್ನೂ ಏರ್ತೈತಿ. ಇಲ್ಲದ್ದು ಬಂತು. ಏನದು?”

ನಾನು ವಿದ್ಯಾರ್ಥಿಯ ಧ್ವನಿಯಲ್ಲಿ, “ಆಗಮ ಸಂಧಿರಿ” ಎಂದೆ. ಇಷ್ಟು ವರ್ಷ ಗೋಡೆಯ ಆಚೆಯಿಂದ ಕೇಳಿದ್ದು ವ್ಯರ್ಥವಾಗಿರಲಿಲ್ಲ.

“ಅದೇ ಹೊತ್ತಿಗೆ ಬೋರ್ಡಿನ ಒಳಗಿನ ದೀಪ ಕಂದಿ ಹೋಗ್ತೈತಿ. ಇದ್ದದ್ದು ಹೋತು.”

“ಲೋಪ.”

“ಇಂಡಿಕೇಟರ್ ಹಾಕಿದ್ರ ಅದರ ಹಸರ ದೀಪ ಮಿಣುಕೂದಿಲ್ಲ. ಅದರ ಬದ್ಲಿ ತಾಪಸೂಚಿ ಕುಣಿತೈತಿ, ಅದೇ ತಾಳಕ್ಕ. ಒಂದರ ಜಾಗಾದಾಗ ಇನ್ನೊಂದು.”

“ಆದೇಶರಿ ಸರ.”

“ಮೂರೂ ಆದ್ವು. ಈಗ ಹೇಳ್ರಿ, ಸಂಧಿ ಎಲ್ಲಿ ಆಗ್ತೈತಿ?”

“ಎರಡು ಕೂಡೂ ಕಡೆ.”

“ಹಾಂ. ರೋಗ ಮುಳ್ಳಿನಾಗಿಲ್ಲ, ಟಾಕ್ಯಾಗಿಲ್ಲ. ಲೈಟು, ಇಂ‌ಡಿಕೇಟರು, ಬೋರ್ಡು ಎಲ್ಲಾ ಕೂಡೂ ಕಡೆ ಯಾವುದೋ ಒಂದು ಐತಿ. ಅಲ್ಲೇ ಕೆಟ್ಟೈತಿ. ಪದಗಳು ಚೊಲೊ ಅದಾವು, ಕೂಡಿಸೂದು ತಪ್ಪೇತಿ.”

ಕನ್ನಡ ವ್ಯಾಕರಣಕ್ಕೆ ಇಂಥ ಉಪಯೋಗವೂ ಉಂಟೆಂದು ಪಠ್ಯಪುಸ್ತಕ ಸಮಿತಿಗೆ ಯಾರಾದರೂ ತಿಳಿಸಬೇಕು. ಆದರೆ ಆ ಕೂಡುವ ಜಾಗ ಕಾರಿನ ಯಾವ ಮೂಲೆಯಲ್ಲಿದೆ ಎಂಬುದು ವ್ಯಾಕರಣದಲ್ಲಿರಲಿಲ್ಲ. ಸೋಮವಾರಕ್ಕೆ ನಡುವೆ ಒಂದು ಭಾನುವಾರ ಮಾತ್ರ ಇತ್ತು. ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ ಮೂರೂ ಮುಗಿದಿದ್ದವು. ಅವರು ಬಹಳ ಹೊತ್ತು ಬೇವಿನ ಮರವನ್ನು ನೋಡಿದರು. ಆಮೇಲೆ ತಮ್ಮ ಆಣೆಯನ್ನು ತಾವೇ ಮುರಿದು, ನನ್ನನ್ನು ಕೂಡಿಸಿಕೊಂಡು, ಹಳೆಯ ಶಿಷ್ಯನ ಅಂಗಡಿಗೆ ಕಾರು ಓಡಿಸಿದರು. ವೈನಿಯ ಆಣೆ ಇಳಿಸಲು ಬೇರೆ ದಾರಿ ಇರಲಿಲ್ಲ.

ಮಿಸ್ತ್ರಿಗೆ ಸಂಧಿಪ್ರಕರಣವನ್ನು ಪೂರ್ತಿ ವಿವರಿಸಲಾಯಿತು. ಅವನು ಮೊಬೈಲಿನಲ್ಲಿ ಯಾರಿಗೋ “ತಡಿ, ಇಲ್ಲಿ ಕ್ಲಾಸ್ ನಡದೈತಿ” ಎಂದು ಹೇಳಿ, ಇವರಿಗೆ ಹೇಳಿದ: “ಅದನ್ನ ನಾ ಅವತ್ತ ಹೇಳೀನಲ್ರಿ ಸರ. ಅರ್ಥ ಇಲ್ಲ ಅಂತ. ನೀವು ಸಿಟ್ಟಾಗಿ ಹ್ವಾದ್ರಿ.”

ಸರ್ ಮುಖ ಕೆಂಪಾಗತೊಡಗಿತ್ತು. ಅವನೇ ಒಂದು ಕರಿಯ ವಾಯರಿನ ತುಂಡು ಎತ್ತಿ ತೋರಿಸಿದ.

“ನೋಡ್ರಿ. ಕರೆಂಟು ಬ್ಯಾಟರಿಯಿಂದ ಹೊಂಟು, ಕೆಲಸಾ ಮುಗಿಸಿ, ಇಂಥಾ ಕರೇ ವಾಯರಿನಾಗ ಗಾಡಿಯ ತಗಡಿನ ಬಾಡೀಗೆ ಬಂದು ವಾಪಸ್ ಮನಿ ಮುಟ್ಟತೈತಿ. ಅದಕ್ಕ ಅರ್ಥ ಅಂತೀವಿ ನಾವು. ಅರ್ಥ ಕಡೀತಂದ್ರ ಮನಿಗೆ ಹೋಗಾಕ ದಾರಿ ಇಲ್ರಿ ಅದಕ್ಕ. ಮಂದಿ ಮನಿ ಹೊಕ್ಕು ಹಾದು ಹೋಗ್ತೈತಿ. ಪೆಟ್ರೋಲ್ ಮುಳ್ಳಿನ ಮನ್ಯಾಗ ಹೊಕ್ರ ಅದು ಏರ್ತೈತಿ, ಹೀಟಿನ ಮುಳ್ಳಿನ ಮನ್ಯಾಗ ಹೊಕ್ರ ಅದು ಕುಣಿತೈತಿ.”

ಸರ್ ಕನ್ನಡಕ ತೆಗೆದರು, ಹಾಕಿಕೊಂಡರು.

“ಅರ್ಥ್” ಎಂದರು. “ಇಂಗ್ಲಿಷಿನದು. ಭೂಮಿ.”

“ಭೂಮಿ-ಗೀಮಿ ಗೊತ್ತಿಲ್ರಿ. ಬಾಡಿ.”

“ಮಹಾಪ್ರಾಣ ಅಷ್ಟು ಸ್ವಚ್ಛ ಹಚ್ಚಿ ಅಂದೆಲ್ಲೋ ನೀ. ಹತ್ತನೇ ಕ್ಲಾಸಿನಾಗ ಹಿಂಗ ಅಂದಿದ್ರ ಪಾಸ್ ಮಾಡ್ತಿದ್ದೆ.” ಅಷ್ಟು ಹೇಳಿ ಅವರು ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಮಿಸ್ತ್ರಿಗೆ ನಗುವ ಕಾರಣ ತಿಳಿಯಲಿಲ್ಲ, ಆದರೂ ಜೊತೆಗೂಡಿದ.

ಮಿಸ್ತ್ರಿಯದು ‘ಅರ್ಥ ಇಲ್ಲ’ ಎಂಬ ತೀರ್ಪೇನೋ ಸರಿಯೇ. ಆದರೆ ಅವನು ಎಲ್ಲ ಗಾಡಿಗಳಿಗೂ ಮೊದಲು ಅದನ್ನೇ ಹೇಳುತ್ತಿದ್ದ, ಕೆಲವಕ್ಕೆ ಸರಿಹೋಗುತ್ತಿತ್ತು. ಈಗಲೂ ಅವನು ಬಾನೆಟ್ ಎತ್ತಿ ಬ್ಯಾಟರಿಯ ಹತ್ತಿರದ ಕರಿಯ ವಾಯರನ್ನು ಹಿಡಿದ. ಸರ್ ಬಿಡಲಿಲ್ಲ. “ಅಲ್ಲಲ್ಲೋ. ಲೈಟು, ಇಂಡಿಕೇಟರು, ಬೋರ್ಡು ಮೂರೂ ಕೂಡೂ ಕಡೆ ತೋರ್ಸು” ಎಂದು ಪಟ್ಟು ಹಿಡಿದರು. ಗೊಣಗುತ್ತ ಅವನು ಬೋರ್ಡು ಬಿಚ್ಚಿದ. ಅದರ ಹಿಂದೆ, ಡ್ಯಾಶ್‌ಬೋರ್ಡಿನ ಮೇಲ್ಭಾಗದ ಒಂದು ಬಿರುಕಿನ ನೇರ ಕೆಳಗೆ, ಕರಿಯ ವಾಯರುಗಳೆಲ್ಲ ಬಂದು ಕೂಡುವ ಒಂದು ಬೋಲ್ಟು ಇತ್ತು. ಇತ್ತು ಎಂದು ಊಹಿಸಬೇಕು. ಹಸಿರು ಬಿಳಿ ಕಿಲುಬು ಅದನ್ನು ಹೂಕೋಸಿನಂತೆ ಮುಚ್ಚಿತ್ತು.

ಮಿಸ್ತ್ರಿ ಉಗುರಿನಿಂದ ಕೆರೆದ. “ಇದೇನ್ರಿ, ಕುಂಕುಮ ಐತಲ್ಲ ಇಲ್ಲಿ. ಅಕ್ಕಿಕಾಳೂ ಅಂಟ್ಯಾವು. ಕಾಯಿ ಒಡದು ನೀರು ಒಳಗ ಯಾರ್ರಿ ಹೊಯ್ದವರು?”

ನಾನು ಸರ್ ಮುಖ ನೋಡಿದೆ, ಅವರು ಬೋಲ್ಟನ್ನು ನೋಡುತ್ತಿದ್ದರು. ಉತ್ತರ ಇಬ್ಬರಿಗೂ ಗೊತ್ತಿತ್ತು. ಪ್ರತಿ ವರ್ಷ ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ, ದಿನ ವೈನಿ ಕಾರಿಗೆ ಸಾಂಗವಾಗಿ ಪೂಜೆ ಮಾಡುತ್ತಿದ್ದರು. ಬೇರೆಯವರು ಕಾಯಿಯ ನೀರನ್ನು ಗಾಲಿಗೆ ಸುರಿದು ಮುಗಿಸಿದರೆ, ವೈನಿ ಬಾಗಿಲು ತೆಗೆದು, ಬೋರ್ಡಿನ ಮೇಲೆ ಕೂಡಿಸಿದ ಪುಟ್ಟ ಬಸವಣ್ಣನಿಗೂ ಧಾರಾಳವಾಗಿ ಅಭಿಷೇಕ ಮಾಡುತ್ತಿದ್ದರು. ಬಸವಣ್ಣನ ಕಾಲ ಬುಡದಲ್ಲಿಯೇ ಆ ಬಿರುಕು.

“ಅಕ್ಕಾರದು ಪೂಜಾ ಭಾಳ ಜೋರ ಕಾಣ್ತೈತಿ” ಎಂದ ಮಿಸ್ತ್ರಿ.

“ತಿಕ್ಕು. ತಿಕ್ಕಿ ಬಿಗಿ ಮಾಡು. ಮಾತ ಬ್ಯಾಡ” ಎಂದರು ಸರ್.

ಕಿಲುಬು ತಿಕ್ಕಿ, ಬೋಲ್ಟು ಬಿಗಿದು, ಲೈಟು ಹಚ್ಚಿದಾಗ ಇಂಧನಸೂಚಿ ಅಲುಗಲಿಲ್ಲ. ನಾಚಿಕೊಂಡಂತೆ ಕಾಲು ಭಾಗದಲ್ಲಿ ನಿಂತಿತು, ಇದ್ದದ್ದೂ ಅಷ್ಟೇ. ನನಗೆ ಮುಂದಿನ ದೃಶ್ಯ ಕಣ್ಣಿಗೆ ಕಟ್ಟಿತ್ತು. ಇಷ್ಟು ತಿಂಗಳು ಬಸ್ಸಿನ ಹಿಂದೆ ಸಾಮಾನಿನಂತೆ ತಿರುಗಿದ ಮನುಷ್ಯ ಇಂದು ಮನೆಗೆ ಕಹಳೆ ಊದಿಸಿಕೊಂಡು ಹೋಗುತ್ತಾರೆ, ಗೆಲ್ಲುವ ವಾದವನ್ನು ಬಿಟ್ಟ ಇತಿಹಾಸ ಅವರಿಗಿಲ್ಲ ಎಂದುಕೊಂಡೆ. ಆದರೆ ಅವರು ನನ್ನ ಮನೆಯ ಮುಂದೆ ಇಳಿಸಿ, “ಬೋಲ್ಟಿನ ಸುದ್ದಿ ಮನ್ಯಾಗ ತಗೀಬ್ಯಾಡ್ರಿ” ಎಂದಷ್ಟೇ ಹೇಳಿ ಹೋದರು.

ಸೋಮವಾರ ಬೆಳಿಗ್ಗೆ ವೈನಿ ಒಂದು ಷರತ್ತಿನ ಮೇಲೆ ಕಾರು ಹತ್ತಲು ಒಪ್ಪಿದರು. ಹಿಂದಿನ ಸೀಟಿನಲ್ಲಿ ನಾನಿರಬೇಕು. “ನಡುವ ನಿಂತ್ರ ಬಸ್ಸಿಗೆ ಕೈ ಮಾಡಾಕ ಒಬ್ರು ಬೇಕಲ್ರಿ, ಮಾಸ್ತರ” ಎಂದರು. ನಾನು ರಜೆ ಹಾಕಿದೆ. ಇಂಥ ಸಂದರ್ಭಕ್ಕೆ ಸಿ.ಎಲ್. ಕೊಡುವುದು ನ್ಯಾಯವೆಂದು ಹೆಡ್‌ಮಾಸ್ತರರೂ ಒಪ್ಪಿದರು.

ವೈನಿ ರಸ್ತೆ ನೋಡಲಿಲ್ಲ, ಮುಳ್ಳು ನೋಡುತ್ತಲೇ ಕೂತರು. ಸಿಂದಗಿ ಬಂತು, ಹೋಯಿತು. ಮುಳ್ಳು ಕೂದಲೆಳೆಯಷ್ಟು ಇಳಿಯಿತು, ಇಳಿಯಬೇಕಾದಷ್ಟೇ. ಹಿಂದೊಮ್ಮೆ ನಿಂತಿದ್ದ ತೊಗರಿ ಹೊಲ ಬಂತು, ಅದೂ ಹೋಯಿತು. ಆಗ ಅವರು ಕೇಳಿದರು.

“ಆತು, ಖರೇ ಹೇಳಾಕತ್ತೇತಿ. ಏನಾಗಿತ್ತರಿ ಇದಕ್ಕ?”

“ತುಕ್ಕು ಹಿಡದಿತ್ತು.”

“ಯಾಕ ಹಿಡೀತು?”

“ನೀರು ಬಿದ್ದಿತ್ತು.”

“ಎಲ್ಲಿದು ನೀರು? ಮಳೀ ನೀರು ಒಳಗ ಬರಂಗಿಲ್ಲ. ನಿಮ್ಮ ಬಾಟ್ಲಿ ನೀರ ಇರಬೇಕು, ಎಲ್ಲಿ ಬೇಕಲ್ಲಿ ಹೊಯ್ತೀರಿ.”

ಸರ್ ಸ್ವಲ್ಪ ದೂರ ಓಡಿಸಿದರು. ಬಾಟಲಿ ನೀರೆಂದು ಒಪ್ಪಿಬಿಟ್ಟರೆ ಮುಗಿಯುತ್ತಿತ್ತು. ಆದರೆ ಸುಳ್ಳು ವಾಕ್ಯ ಅವರ ಬಾಯಿಂದ ಹೊರಡುವುದು ಕಷ್ಟ. ನಿಜ ಹೇಳಿದರೆ, ಮೊದಲ ಉಡಿ ತಪ್ಪಿಸಿದ್ದು ಯಾರೆಂಬುದನ್ನು ಆಕೆಯ ತವರಿನ ದಾರಿಯಲ್ಲಿಯೇ ಆಕೆಗೆ ಹೇಳಿದಂತಾಗುತ್ತದೆ. ಕೊನೆಗೆ ಅವರು ಮನೆಯಲ್ಲಿ ಎಂದೂ ಆಡದ ಗ್ರಂಥದ ಭಾಷೆಯಲ್ಲಿ ಹೇಳಿದರು:

“ನೀರು ಸುರಿಯಲ್ಪಟ್ಟಿತ್ತು.”

ನಾನು ಕಿಟಕಿಯಾಚೆ ಬಹಳ ಆಸಕ್ತಿಯಿಂದ ವಿದ್ಯುತ್ ಕಂಬಗಳನ್ನು ನೋಡಿದೆ. ಸರ್ ಪಡಸಾಲೆಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುವಾಗ, ಒಳಗೆ ರೊಟ್ಟಿ ಬಡಿಯುತ್ತ ಇಷ್ಟು ವರ್ಷ ಕೇಳಿದ್ದ ಹೆಣ್ಣುಮಗಳು ಅವರು. ಕರ್ಮಣಿ ಪ್ರಯೋಗ ಅವರಿಗೆ ಹೊಸದಲ್ಲ.

“ಕರ್ತೃ ಯಾರು?” ಎಂದು ಕೇಳಿದರು.

“ಕರ್ಮಣಿಯಾಗ ಕರ್ತೃ ಹೇಳೂದು ಕಡ್ಡಾಯ ಇಲ್ಲ.”

ವೈನಿ ಬೋರ್ಡಿನ ಮೇಲಿನ ಬಸವಣ್ಣನನ್ನು ನೋಡಿದರು. ಆಮೇಲೆ ಅವನ ಕಾಲ ಬುಡದ ಬಿರುಕನ್ನು ನೋಡಿದರು. ಬೆರಳ ತುದಿಯಿಂದ ಆ ಬಿರುಕಿನಲ್ಲಿ ಒಣಗಿದ್ದ ಒಂದು ಅಕ್ಕಿಕಾಳನ್ನು ಎಬ್ಬಿಸಿ, ಕಿಟಕಿಯ ಹೊರಗೆ ಒಗೆದರು. “ಮುಂದ ನೋಡಿ ಹೊಡೀರಿ” ಎಂದರು.

ಬಾಗೇವಾಡಿಯಲ್ಲಿ ವೈನಿಯ ತಮ್ಮ ಅಂಗಳದಲ್ಲಿಯೇ ಕಾದಿದ್ದ. ಅವನ ಹಿಂದೆ ಕುಬಸದ ದಿನದ ನಾದಿನಿಯೂ ಇದ್ದಳು. “ಏನಕ್ಕಾ, ಮಾಮಾನ ಗಾಡ್ಯಾಗ ಬಂದೆಲ್ಲ. ಅಂತೂ ರಿಪೇರಿ ಮಾಡ್ಸಿದ್ರು? ಏನ್ ತಪ್ಪಾಗಿತ್ತಂತ ಮಾಮಾಂದು?” ಎಂದು ತಮ್ಮ ಕೇಳಿದ. ಸುತ್ತಲಿದ್ದವರು ನಗಲು ತಯಾರಾಗಿ ನಿಂತರು. ಸರ್ ಡಿಕ್ಕಿಯಿಂದ ಚೀಲ ಇಳಿಸುವುದರಲ್ಲಿ ಮಗ್ನರಾದಂತೆ ತೋರಿದರು.

“ಅವರದೇನೂ ತಪ್ಪಿಲ್ಲ” ಎಂದರು ವೈನಿ. “ನನ್ನದೇ ಇತ್ತು. ಎಲ್ಲಿ ಕೂಸು?”

ಸರ್ ಕೈಯಲ್ಲಿದ್ದ ಚೀಲ ಅಲ್ಲಿಯೇ ನಿಂತಿತು. ಅಷ್ಟು ನೇರವಾದ ಕರ್ತರಿ ಪ್ರಯೋಗವನ್ನು ಅವರು ನಿರೀಕ್ಷಿಸಿರಲಿಲ್ಲವೆಂದು ಕಾಣುತ್ತದೆ.

ತೊಟ್ಟಿಲನ್ನು ಮೊದಲು ತೂಗಿದವರು ವೈನಿಯೇ. ಊಟ, ಎಲೆ ಅಡಿಕೆ ಎಲ್ಲ ಮುಗಿದು ಹೊರಡುವ ಹೊತ್ತಿಗೆ ನಾನು ಕಾರಿನ ಬಳಿ ಹೋದೆ. ವೈನಿ ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದರು. ಹಿಂದಿನ ಸೀಟಿನ ತುಂಬ ತವರಿನವರು ಕೊಟ್ಟ ಬುಟ್ಟಿ, ಡಬ್ಬಿ, ಜೋಳದ ಚೀಲ.

“ಮಾಸ್ತರ, ತಪ್ಪ ತಿಳೀಬ್ಯಾಡ್ರಿ” ಎಂದರು ಅವರು. “ಸಾಮಾನು ಭಾಳ ಆದ್ವು. ನೀವು ಬಸ್ಸಿಗೆ ಬರ್ರಿ.”

ನಾನು ಸರ್ ಮುಖ ನೋಡಿದೆ. ಅವರು ಕನ್ನಡಿ ಸರಿಮಾಡಿಕೊಳ್ಳುತ್ತಿದ್ದರು. ಇಂಡಿಗೆ ಮರಳುವ ಬಸ್ಸಿನಲ್ಲಿ ನನಗೆ ಟಿಕೀಟು ಬಿತ್ತು.